ಯೋಜನೆಗೆ ದುಡ್ಡಿದೆ, ಬಾಡಿಗೆಗೆ ಇಲ್ಲ

ಪ್ರಶ್ನೆ: ನಮ್ಮ ಸೇವಾಸಂಸ್ಥೆ ವೃದ್ಧರಿಗೆ ಊಟ ಕೊಡುತ್ತದೆ, ಕುಟುಂಬಗಳಿಗೆ ಆಪ್ತಸಮಾಲೋಚನೆಯನ್ನೂ ನಡೆಸುತ್ತದೆ. ಎರಡಕ್ಕೂ ಬೇರೆ ಬೇರೆ ದಾನಿಗಳಿದ್ದಾರೆ. ಆದರೂ ವರ್ಷದ ಕೊನೆಗೆ ಬಾಡಿಗೆಗೆ, ಲೆಕ್ಕಿಗರ ಸಂಬಳಕ್ಕೆ ತತ್ವಾರ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಬಹುಶಃ ದಾನಿಗಳಿಗೆ ಕೊಡುವ ಅರ್ಜಿಯ ಬಜೆಟ್‌ನಲ್ಲೇ. ಅಡುಗೆ ಸಾಮಗ್ರಿ, ಸಮಾಲೋಚಕರ ಸಂಬಳ ಬರೆದು ಕೈತೊಳೆದುಕೊಂಡರೆ ಬಾಡಿಗೆ, ಲೆಕ್ಕಿಗರ ಸಂಬಳದಂಥ ಸಾಮಾನ್ಯ ಖರ್ಚು ಯಾವ ದಾನಿಯ ತಲೆಗೂ ಬೀಳುವುದಿಲ್ಲ. ಅದನ್ನು ಎರಡೂ ಯೋಜನೆಗಳಿಗೆ ಹಂಚಬೇಕು.

ಬಾಡಿಗೆಯನ್ನು ಜಾಗದ ಅಳತೆಯ ಮೇಲೆ ಹಂಚಿ. ಕಟ್ಟಡ 1000 ಚದರಡಿ ಎಂದುಕೊಳ್ಳಿ: ಅಡುಗೆಮನೆ ಮತ್ತು ಊಟದ ಕೋಣೆ 500, ಸಮಾಲೋಚನಾ ಕೋಣೆಗಳು 300, ಕಚೇರಿ 200. ಕಚೇರಿಯ 200 ಎರಡೂ ಯೋಜನೆಗಳಿಗೆ ಸೇರಿದ್ದು. ಅದನ್ನೂ 5:3ರಂತೆ ಒಡೆಯಿರಿ. ಊಟದ ಯೋಜನೆಗೆ ಬಾಡಿಗೆಯ ಶೇ. 62.5, ಸಮಾಲೋಚನೆಗೆ ಶೇ. 37.5.

ಸಂಬಳಕ್ಕೆ ಆಧಾರ ಕೆಲಸದ ಗಂಟೆಗಳು. ಯಾರು ಯಾವ ಯೋಜನೆಗೆ ಎಷ್ಟು ಗಂಟೆ ದುಡಿದರು ಎಂಬ ಸಮಯಪಟ್ಟಿಯನ್ನು ಅಂದಂದೇ ತುಂಬಿಸಿ. ತಿಂಗಳ ಕೊನೆಗೆ ನೆನಪಿನಿಂದ ಬರೆದ ಪಟ್ಟಿಯಲ್ಲಿ ಪ್ರತಿ ದಿನವೂ ಎರಡೂ ಯೋಜನೆಗಳಿಗೆ ನಾಲ್ಕು-ನಾಲ್ಕು ಗಂಟೆ ಎಂದೇ ಇರುತ್ತದೆ, ಲೆಕ್ಕಪರಿಶೋಧಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಇನ್ನೂ ಕೆಟ್ಟದ್ದು, ಒಂದೇ ಬಿಲ್ಲನ್ನು ಇಬ್ಬರು ದಾನಿಗಳಿಗೂ ಪೂರ್ತಿ ತೋರಿಸುವುದು. ಬಿಲ್ಲಿನ ಮೇಲೆಯೇ ಯೋಜನೆಯ ಹೆಸರು, ಶೇಕಡಾವಾರು ಪಾಲು ಬರೆದಿಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಪ್ರಶ್ನೆ: ಆಪದ್ಧನ ಎಷ್ಟಿರಬೇಕು?

ಉತ್ತರ: ಮೂರರಿಂದ ಆರು ತಿಂಗಳ ನಿರ್ವಹಣಾ ವೆಚ್ಚದಷ್ಟು ಎಂಬುದು ರೂಢಿ. ನಿರ್ದಿಷ್ಟ ಯೋಜನೆಗೆಂದೇ ಬಂದ ಹಣವನ್ನು ಇದರಲ್ಲಿ ಎಣಿಸಬೇಡಿ. ಬ್ಯಾಂಕಿನಲ್ಲಿ ಕಂಡರೂ ಅದನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ.