ಹೋಟೆಲಿಗೆ ತರಕಾರಿ ಕೊರೆಯುವ, ರುಬ್ಬುವ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಏನು ಕೇಳಬೇಕು, ಏನು ನೋಡಬೇಕು?

ಮುಂಬಯಿಯ ಮುಲುಂಡಿನಲ್ಲಿ 40 ಸೀಟಿನ ಸಸ್ಯಾಹಾರಿ ಹೋಟೆಲು, ಎರಡು ತಿಂಗಳಲ್ಲಿ ಪ್ರಿಪರೇಶನ್‌ನ, ಅಂದರೆ ಕೊರೆಯುವ ರುಬ್ಬುವ ಕೆಲಸದ, ಮೂವರು ಬಿಟ್ಟು ಹೋದರು, ಇಂಟರ್‌ವ್ಯೂನಲ್ಲಿ ಯಾವ ಪ್ರಶ್ನೆ ಕೇಳಿದರೆ ಒಳ್ಳೆಯವರು ಸಿಗುತ್ತಾರೆ ಎಂದು ಕೇಳಿದ್ದೀರಿ. ಮಾತಿಗೆ ಹತ್ತು ನಿಮಿಷ ಸಾಕು. ಕೈ ನೋಡಲು ಎರಡು ಗಂಟೆ ಇಡಿ. ಈ ಕೆಲಸದಲ್ಲಿ ಬಾಯಿ ಚುರುಕಿದ್ದವನ ಕೈಯೂ ಚುರುಕಿರಬೇಕೆಂದಿಲ್ಲ.

ಮೊದಲು ನಿಮ್ಮ ಕಡೆಯ ಲೆಕ್ಕ ಸರಿ ಮಾಡಿಕೊಳ್ಳಿ. ದಿನಕ್ಕೆ ಎಷ್ಟು ಕಿಲೋ ನೀರುಳ್ಳಿ, ಎಷ್ಟು ಬಟಾಟೆ, ಎಷ್ಟು ತೆಂಗಿನಕಾಯಿ, ಇಡ್ಲಿಗೆ ದೋಸೆಗೆ ಎಷ್ಟು ಅಕ್ಕಿ ಉದ್ದು, ಇವಿಷ್ಟನ್ನೂ ಒಂದು ವಾರ ಬರೆದಿಡಿ. ಭಾನುವಾರದ್ದು ಬೇರೆ ಬರೆಯಿರಿ. ಆ ಚೀಟಿ ಇಲ್ಲದೆ ಜನ ತೆಗೆದುಕೊಂಡರೆ ಇಬ್ಬರ ಕೆಲಸ ಒಬ್ಬನ ತಲೆಗೆ ಬಂದು, ಅವನು ಎಂಟನೇ ದಿನ "ಊರಲ್ಲಿ ಅಮ್ಮನಿಗೆ ಹುಷಾರಿಲ್ಲ" ಎಂದು ಹೊರಡುತ್ತಾನೆ. ರುಬ್ಬುವವ ಮತ್ತು ಕೊರೆಯುವವ ಬೇರೆ ಬೇರೆಯೋ, ಒಬ್ಬನೇ ಎರಡನ್ನೂ ಮಾಡಬೇಕೋ, ಇದನ್ನೂ ಮೊದಲೇ ತೀರ್ಮಾನಿಸಿ. 40 ಸೀಟಿನ ಹೋಟೆಲಿನಲ್ಲಿ ಬೆಳಿಗ್ಗೆ ಒಬ್ಬ, ಸಂಜೆ ಒಬ್ಬ, ನಡುವೆ ರಜೆ ಬದಲಿಗೆ ಒಬ್ಬ ಇಲ್ಲದೆ ಹೋದರೆ ಅಡುಗೆಯ ಭಟ್ಟರೇ ಚೂರಿ ಹಿಡಿಯಬೇಕಾಗುತ್ತದೆ. ಆಮೇಲೆ ಅವರೂ ಬಿಡುತ್ತಾರೆ.

ಇನ್ನು ಮಾತು. "ಮೊದಲಿನ ಜಾಗ ಯಾಕೆ ಬಿಟ್ಟೆ?" ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರದ್ದೂ ಒಂದೇ ಉತ್ತರ: ಸೇಠ್ ಸರಿಯಿಲ್ಲ. ಅದರ ಬದಲು ಅಂಕಿ ಕೇಳಿ. "ಅಲ್ಲಿ ಭಾನುವಾರ ಎಷ್ಟು ಕಾಯಿ ಹೆರೆಯುತ್ತಿದ್ದಿ? ಬಟಾಟೆ ಎಷ್ಟು ಕಿಲೋ ಬೇಯಿಸುತ್ತಿದ್ದರು?" ನಿಜವಾಗಿ ಕೆಲಸ ಮಾಡಿದವನಿಗೆ ಆ ಸಂಖ್ಯೆ ಕೈಯಲ್ಲೇ ನೆನಪಿರುತ್ತದೆ, ಥಟ್ಟನೆ ಹೇಳುತ್ತಾನೆ. "ತುಂಬಾ ಇತ್ತು ಸೇಠ್" ಎನ್ನುವವನು ಅಲ್ಲಿ ಟೇಬಲ್ ಒರೆಸುತ್ತಿದ್ದಿರಬೇಕು.

ಎರಡನೆಯದು, "ಬೆಳಗಿನ ಚಟ್ನಿ ಉಳಿದರೆ ಅಲ್ಲಿ ಏನು ಮಾಡುತ್ತಿದ್ದರು?" ಸಂಜೆಯ ಹೊಸ ಚಟ್ನಿಗೆ ಬೆರೆಸುತ್ತಿದ್ದೆವು ಎಂದರೆ ಅವನು ಸುಳ್ಳು ಹೇಳುತ್ತಿಲ್ಲ, ಆದರೆ ಕೆಟ್ಟ ಪಾಠ ಕಲಿತು ಬಂದಿದ್ದಾನೆ. ಮುಂಬಯಿಯ ಸೆಕೆಯಲ್ಲಿ ಹಸಿ ಕಾಯಿಚಟ್ನಿ ಹೊರಗಿಟ್ಟರೆ ಮೂರು ನಾಲ್ಕು ಗಂಟೆಯಲ್ಲಿ ಹುಳಿಯಾಗುತ್ತದೆ. ಹಳೆಯದರ ಒಂದು ಸೌಟು ಹೊಸದರ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ಇಂಥವನನ್ನು ತೆಗೆದುಕೊಳ್ಳಬಾರದೆಂದಲ್ಲ, ಮೊದಲ ವಾರ ಕಣ್ಣಿಡಬೇಕು.

ಮೂರನೆಯದು, ನಮ್ಮ ಈ ಊರಿಗೇ ಬೇಕಾದ ಪ್ರಶ್ನೆ: "ಜೈನ್ ಆರ್ಡರ್ ಬಂದರೆ?" ಮುಲುಂಡ್, ಘಾಟ್‌ಕೋಪರ್ ಕಡೆ ಇದು ದಿನನಿತ್ಯದ್ದು. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಕ್ಯಾರೆಟ್ ಯಾವುದೂ ಇರಬಾರದು ಎಂಬಷ್ಟು ಗೊತ್ತಿದ್ದರೆ ಪಾಸು. ಜೈನ್ ತರಕಾರಿಯನ್ನು ನೀರುಳ್ಳಿ ಮುಟ್ಟುವ ಮೊದಲೇ ಕೊರೆದು, ಬೇರೆ ಬೋರ್ಡು ಬೇರೆ ಚೂರಿ ಇಟ್ಟು, ಪಾವ್‌ಭಾಜಿಗೆ ಬಟಾಟೆ ಬದಲು ಬಾಳೆಕಾಯಿ ಬೇಯಿಸಬೇಕು ಎಂದು ತಾನಾಗಿ ಹೇಳಿದರೆ ಅವನನ್ನು ಬಿಡಬೇಡಿ.

ರುಬ್ಬುವವನಾದರೆ ಇನ್ನೆರಡು. "ಮೇ ತಿಂಗಳಿಗೂ ಜನವರಿಗೂ ಹಿಟ್ಟಿನಲ್ಲಿ ಏನು ಬದಲಾಯಿಸುತ್ತಿ?" ಮೇಯಲ್ಲಿ ತಣ್ಣೀರು ಅಥವಾ ಐಸ್ ಹಾಕಿ ರುಬ್ಬಬೇಕು, ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಉಬ್ಬಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಇಲ್ಲದಿದ್ದರೆ ಸಂಜೆ ರುಬ್ಬಿದ್ದು ನಡುರಾತ್ರಿಗೇ ಉಕ್ಕಿ ನೆಲದ ಮೇಲೆ. ಜನವರಿಯಲ್ಲಿ ಬೇಗ ರುಬ್ಬಿ ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿಡಬೇಕು. ಇನ್ನೊಂದು, "ಕಲ್ಲಿಗೆ ಅಂಟಿದ ಹಿಟ್ಟನ್ನು ಹೇಗೆ ತೆಗೆಯುತ್ತಿ?" ಸ್ವಿಚ್ ಆಫ್ ಮಾಡಿ, ಕಲ್ಲು ಪೂರ್ತಿ ನಿಂತ ಮೇಲೆ, ಎನ್ನಬೇಕು. "ಕೈಯಲ್ಲೇ, ಅಭ್ಯಾಸ ಇದೆ" ಎಂದು ನಗುವವನು ಒಂದು ದಿನ ಬೆರಳು ಕಳೆದುಕೊಳ್ಳುತ್ತಾನೆ. ಅಂದಹಾಗೆ ಒದ್ದೆ ನೆಲದ ಗ್ರೈಂಡರಿಗೆ ಅರ್ಥಿಂಗ್ ಮತ್ತು ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದೆಯೇ ಎಂದು ನೀವೂ ನೋಡಿಕೊಳ್ಳಿ. ಅದನ್ನು ಕೆಲಸದವನು ಹೇಳಲಾರ.

ಈಗ ಟ್ರಯಲ್. ಮಧ್ಯಾಹ್ನ ಊಟದ ಗಲಾಟೆ ಮುಗಿದು 3 ಗಂಟೆಗೆ ಕರೆಯಿರಿ. ಹಣ ಕೊಟ್ಟೇ ಮಾಡಿಸಿ. ಪುಕ್ಕಟೆ ಟ್ರಯಲ್ ಮಾಡಿಸುವ ಹೋಟೆಲು ಎಂದು ಹೆಸರಾದರೆ ಆ ಸುದ್ದಿ ಕೆಲಸದವರ ಖೋಲಿಗಳಲ್ಲಿ ಒಂದೇ ರಾತ್ರಿಯಲ್ಲಿ ಹಬ್ಬುತ್ತದೆ. ಭಟ್ಟರು ಪಕ್ಕದಲ್ಲಿರಲಿ. ಅವರಿಗೆ ಒಪ್ಪಿಗೆಯಾಗದವನನ್ನು ನೀವು ಇಟ್ಟುಕೊಂಡರೆ ಹದಿನೈದು ದಿನದೊಳಗೆ ಅವರೇ ಓಡಿಸುತ್ತಾರೆ.

ಅವನ ಮುಂದೆ ಇಡಬೇಕಾದದ್ದು: 2 ಕಿಲೋ ನೀರುಳ್ಳಿ, ಅರ್ಧ ಕಿಲೋ ಬೀನ್ಸ್, ಎರಡು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು, 3 ತೆಂಗಿನಕಾಯಿ. ಚೂರಿಯನ್ನು ಬೇಕೆಂದೇ ಸ್ವಲ್ಪ ಮೊಂಡಾದದ್ದು ಕೊಡಿ. "ನೀರುಳ್ಳಿ ಕೊರೆ" ಎಂದಷ್ಟೇ ಹೇಳಿ ಸುಮ್ಮನಿರಿ.

ನೀವು ಕಾಯುತ್ತಿರುವುದು ಒಂದೇ ಮಾತಿಗೆ: "ಯಾವುದಕ್ಕೆ?" ಉತ್ತಪ್ಪಕ್ಕೆ ಬೇರೆ, ಬಟಾಟೆ ಪಲ್ಯಕ್ಕೆ ಉದ್ದುದ್ದ ಬೇರೆ, ಸಾಂಬಾರಿಗೆ ಬೇರೆ, ರವಾ ದೋಸೆಗೆ ಇನ್ನೂ ಸಣ್ಣಗೆ. ಕೇಳದೆ ಕೊರೆಯಲು ಶುರು ಮಾಡಿದವನು ವೇಗದವನೇ ಇರಬಹುದು, ಆದರೆ ನಾಳೆ 5 ಕಿಲೋ ಬೀನ್ಸನ್ನು ಪಲ್ಯದ ಬದಲು ಸಾಂಬಾರಿನ ಗಾತ್ರಕ್ಕೆ ತುಂಡು ಮಾಡಿಟ್ಟಿರುತ್ತಾನೆ. ಕೇಳಿದರೆ ಅರ್ಧ ಸಣ್ಣಗೆ, ಅರ್ಧ ಉದ್ದಕ್ಕೆ ಎಂದು ಹೇಳಿ. ಚೂರಿ ಮೊಂಡು ಎಂದು ಕಲ್ಲು ಕೇಳುತ್ತಾನೋ, ಬೋರ್ಡು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಕುತ್ತಾನೋ, ಶುರುವಿಗೆ ಕೈ ತೊಳೆಯುತ್ತಾನೋ, ಉಂಗುರ, ಕೈಯ ದಾರ ತೆಗೆದಿಡುತ್ತಾನೋ, ನೋಡುತ್ತಾ ಇರಿ.

ಸುಲಿದು ಕೊರೆಯಲು 2 ಕಿಲೋಗೆ 25 ನಿಮಿಷ ನ್ಯಾಯವಾದ ಹೊತ್ತು. ಅದರ ಹಿಂದೆ ಮುಂದೆ ಐದು ನಿಮಿಷವಾದರೆ ತಲೆ ಕೆಡಿಸಿಕೊಳ್ಳಬೇಡಿ, ವೇಗ ಒಂದು ತಿಂಗಳಲ್ಲಿ ಬರುತ್ತದೆ. ಬದಲಿಗೆ ಸಿಪ್ಪೆ ತೂಗಿ. ಎರಡು ಕಿಲೋದಲ್ಲಿ 200ರಿಂದ 250 ಗ್ರಾಂ ಸಿಪ್ಪೆ, ತಲೆ, ಬುಡ ಹೋಗುವುದು ಸರಿ. 350 ದಾಟಿದರೆ ಎರಡು ಪದರ ಒಳ್ಳೆಯ ನೀರುಳ್ಳಿಯೇ ಡಬ್ಬಿಗೆ ಬಿದ್ದಿದೆ. ದಿನಕ್ಕೆ 15 ಕಿಲೋ ಖರ್ಚಾಗುವಲ್ಲಿ ಶೇಕಡಾ 5 ಹೆಚ್ಚುವರಿ ಕಸ ಎಂದರೆ ತಿಂಗಳಿಗೆ 22.5 ಕಿಲೋ. ನೀರುಳ್ಳಿ ದರ ಏರಿದ ತಿಂಗಳಲ್ಲಿ ಇದರ ಬಿಸಿ ಗಲ್ಲಾಕ್ಕೆ ತಟ್ಟುತ್ತದೆ.

ಕೊತ್ತಂಬರಿ ಸೊಪ್ಪಿನಲ್ಲಿ ಮನುಷ್ಯ ಸಿಕ್ಕಿಬೀಳುತ್ತಾನೆ, ಅದಕ್ಕೇ ಅದನ್ನು ಇಡುವುದು. ಮಳೆಗಾಲದಲ್ಲಿ ಮಾರ್ಕೆಟಿನಿಂದ ಬರುವ ಕಟ್ಟಿನ ಬುಡದಲ್ಲಿ ಮಣ್ಣು ಮೆತ್ತಿರುತ್ತದೆ. ಗೊತ್ತಿಲ್ಲದವನು ಕಟ್ಟನ್ನೇ ನಲ್ಲಿಯ ಕೆಳಗೆ ಹಿಡಿದು ಕೊಡವುತ್ತಾನೆ. ಅರೆಬರೆ ಗೊತ್ತಿದ್ದವನು ಪಾತ್ರೆಯಲ್ಲಿ ಮುಳುಗಿಸಿ, ನೀರನ್ನು ಸೊಪ್ಪಿನ ಸಮೇತ ಜಾಲರಿಗೆ ಸುರಿಯುತ್ತಾನೆ, ತಳಕ್ಕೆ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಗೊತ್ತಿದ್ದವನು ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಕೊಳೆತ ಎಲೆ ಆರಿಸಿ, ತುಂಬ ನೀರಿನಲ್ಲಿ ಅಲ್ಲಾಡಿಸಿ, ಒಂದೆರಡು ನಿಮಿಷ ಬಿಟ್ಟು, ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳುತ್ತಾನೆ. ಪಾತ್ರೆಯ ತಳವನ್ನು ಬೆರಳಿನಿಂದ ಮುಟ್ಟಿ ನೋಡಿ ಇನ್ನೊಂದು ನೀರಿಗೆ ಹಾಕುತ್ತಾನೆ. ಚಟ್ನಿಯಲ್ಲಿ ಗಿರಾಕಿಯ ಹಲ್ಲಿಗೆ ಒಂದು ಮರಳಿನ ಕಾಳು ಸಿಕ್ಕರೆ ಅವರು ನಿಮಗೆ ಹೇಳುವುದೂ ಇಲ್ಲ, ಸುಮ್ಮನೆ ಎದುರಿನ ಹೋಟೆಲಿಗೆ ಹೋಗುತ್ತಾರೆ.

ತೆಂಗಿನಕಾಯಿಯೂ ಹಾಗೆಯೇ. ಒಡೆದ ಕೂಡಲೇ ಪ್ರತಿ ಕಾಯಿಯನ್ನು ಮೂಸಿ, ಒಂದು ಚೂರು ಬಾಯಿಗೆ ಹಾಕಿ, ಆಮೇಲೆ ಹೆರೆಯುತ್ತಾನೆಯೇ? ಮೂರೂ ಒಡೆದು ಒಟ್ಟಿಗೆ ಹೆರೆದು ಗುಡ್ಡೆ ಹಾಕಿದರೆ, ಒಂದು ಕಮಟು ಕಾಯಿಯಿಂದ ಮೂರೂ ಹಾಳು. ಚಿಪ್ಪಿನ ಹತ್ತಿರದ ಕಂದು ಸಿಪ್ಪೆವರೆಗೂ ಒತ್ತಿ ಹೆರೆದರೆ ಚಟ್ನಿಯ ಬಣ್ಣ ಮಾಸುತ್ತದೆ. ಬೇಗ ಕೈ ಎತ್ತಿದರೆ ಕಾಯಿ ನಷ್ಟ. ಕೊನೆಯ ಆ ಒಂದು ಸುತ್ತನ್ನು ಬೇರೆ ಬಟ್ಟಲಿಗೆ ಹೆರೆದು "ಇದು ಸಾಂಬಾರ್ ಮಸಾಲೆಗೆ" ಎಂದು ಇಡುವವರೂ ಇದ್ದಾರೆ. ಅಪರೂಪ.

ಎಲ್ಲ ಮುಗಿದ ಮೇಲೆ "ಆಯಿತು, ಚಾ ಕುಡಿ" ಎಂದು ಹೇಳಿ ನೀವು ಎದ್ದು ಹೋಗಿ. ಐದು ನಿಮಿಷ ಬಿಟ್ಟು ಬಂದು ಬೋರ್ಡು ನೋಡಿ. ತೊಳೆದು ನಿಲ್ಲಿಸಿಟ್ಟಿದ್ದಾನೋ, ಚೂರಿಯನ್ನು ಮೋರಿಯ (ಪಾತ್ರೆ ತೊಳೆಯುವ ಜಾಗದ) ಪಾತ್ರೆ ರಾಶಿಯೊಳಗೆ ಹಾಕಿ ಕ್ಲೀನರ್ ಕೈಗೆ ಗಾಯ ಮಾಡಲು ಬಿಟ್ಟಿದ್ದಾನೋ, ಕೊರೆದದ್ದನ್ನು ಮುಚ್ಚಿಟ್ಟಿದ್ದಾನೋ. ನನ್ನ ಮಟ್ಟಿಗೆ ಒಟ್ಟು ಮಾರ್ಕಿನಲ್ಲಿ ಅರ್ಧ ಇಲ್ಲಿ.

ಪಾಸಾದರೆ ಎರಡು ಪೂರ್ತಿ ದಿನ ಕರೆಯಿರಿ, ಅದರಲ್ಲಿ ಒಂದು ಭಾನುವಾರ ಇರಲಿ. ಕಲ್ಯಾಣ್ ಕಡೆಯಿಂದ ಬರುವವನಾದರೆ ಬೆಳಿಗ್ಗೆ 5.30ಕ್ಕೆ ಹೇಗೆ ತಲುಪುತ್ತಿ, ಮಾಟುಂಗಾ–ಮುಲುಂಡ್ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ಏರುಪೇರಾಗುವ) ದಿನ ಸಂಜೆ ಪಾಳಿಗೆ ಹೇಗೆ ಬರುತ್ತಿ ಎಂದು ಆಗಲೇ ಕೇಳಿ. ಹಿಂದಿನ ಹೋಟೆಲಿಗೆ ಫೋನ್ ಮಾಡುವುದಾದರೆ ಮಾಲೀಕರಿಗಲ್ಲ, ಅಲ್ಲಿನ ಭಟ್ಟರಿಗೆ ಮಾಡಿ. ಎರಡೇ ಪ್ರಶ್ನೆ: ಹೋಗುವಾಗ ಹೇಳಿ ಹೋದನೇ? ಮತ್ತೆ ಬಂದರೆ ತೆಗೆದುಕೊಳ್ಳುತ್ತೀರಾ?

ಕಾಗದಪತ್ರದ ವಿಷಯ ಚುಟುಕಾಗಿ. ಒಂದು ಕಾಲದಲ್ಲಿ ಹುಡುಗರು ಹಗಲು ಹೋಟೆಲಿನಲ್ಲಿ, ರಾತ್ರಿ ಕನ್ನಡ ಶಾಲೆಯಲ್ಲಿ ಎಂದು ಬೆಳೆದ ಊರು ಇದು. ಈಗ 14ರ ಕೆಳಗಿನವರನ್ನು ಯಾವ ಕೆಲಸಕ್ಕೂ ಇಡುವಂತಿಲ್ಲ, ಗ್ರೈಂಡರ್ ಮತ್ತು ಒಲೆ ಇರುವಲ್ಲಿಗೆ 18 ತುಂಬಿದವರನ್ನೇ ತೆಗೆದುಕೊಳ್ಳಿ, ವಯಸ್ಸಿನ ದಾಖಲೆ ನೋಡಿ. ಆಧಾರ್ ನಕಲು ಸಾಕು, ಅಸಲನ್ನು ಹಿಡಿದಿಟ್ಟುಕೊಳ್ಳಬೇಡಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಆಗಬೇಕು, ಟೈಫಾಯ್ಡ್‌ನಂಥ ಕರುಳಿನ ಜ್ವರಕ್ಕೆ ಲಸಿಕೆ ಹಾಕಿಸಿರಬೇಕು. ಖರ್ಚು ನೀವೇ ಹಾಕಿ. ಒಟ್ಟು ನೌಕರರು 10 ಆದರೆ ಇಎಸ್‌ಐ (ನೌಕರರ ಸರಕಾರಿ ಆರೋಗ್ಯ ವಿಮೆ) ಬರುತ್ತದೆ: 21,000 ರೂಪಾಯಿವರೆಗಿನ ಸಂಬಳದವರಿಗೆ ನಿಮ್ಮ ಪಾಲು ಶೇಕಡಾ 3.25, ಅವರದ್ದು 0.75. "ಕೈಗೆ ಇಷ್ಟು ಬರುತ್ತದೆ" ಎಂದು ಕಡಿತದ ನಂತರದ ಅಂಕಿಯನ್ನೇ ಹೇಳಿ, ಮೊದಲ ಸಂಬಳದ ದಿನವೇ ಜಗಳ ಬೇಡ.

ಆ ಮೂವರು ಯಾಕೆ ಹೋದರು ಎಂಬುದಕ್ಕೆ ಬರುತ್ತೇನೆ. ಮೊದಲ ತಿಂಗಳಲ್ಲಿ ಬಿಡುವವರು ಹೆಚ್ಚಾಗಿ ಬಿಡುವುದು ಕೆಲಸ ಬಾರದೆ ಅಲ್ಲ, ಹೇಳಿದ್ದು ಒಂದು ಮಾಡಿಸಿದ್ದು ಒಂದು ಆದಾಗ. ಪಾಳಿ ಬೆಳಿಗ್ಗೆ 6ರಿಂದ 11, ಮತ್ತೆ 4ರಿಂದ 9 ಎಂದು ಒಡೆದಿದ್ದರೆ ಆ ನಡುವಿನ ಐದು ಗಂಟೆ ಅವನು ಎಲ್ಲಿ ಮಲಗಬೇಕು? ಕ್ಲೀನರ್ ಖಾಡೆ ಮಾಡಿದ (ಕೆಲಸಕ್ಕೆ ಬಾರದ) ದಿನ ಮೋರಿಯಲ್ಲಿ ಪಾತ್ರೆ ತಿಕ್ಕಬೇಕಾಗುತ್ತದೆಯೇ? ವಾರದ ರಜೆ ಯಾವತ್ತು? ಇದನ್ನೆಲ್ಲ ಟ್ರಯಲ್‌ಗೆ ಮೊದಲೇ, ಕೆಟ್ಟದ್ದನ್ನೇ ಮೊದಲು ಹೇಳಿ. ಕೇಳಿ ಎದ್ದು ಹೋಗುವವನು ಹೇಗೂ ಹೋಗುವವನೇ. ದೊಡ್ಡ ಅಡ್ವಾನ್ಸ್ ಕೊಟ್ಟು ಕಟ್ಟಿಹಾಕುವ ಹಳೆಯ ಉಪಾಯ ಮಾಡಬೇಡಿ. ಸಾಲ ತೀರುವವರೆಗೆ ಬಿಡುವಂತಿಲ್ಲ ಎನ್ನುವುದು ಕಾನೂನಿನಲ್ಲಿ ಅಪರಾಧ, ಮತ್ತು ಹಣ ತೆಗೆದುಕೊಂಡು ರಾತ್ರಿ ಗಾಡಿ ಹತ್ತುವವನನ್ನು ಅದು ತಡೆಯುವುದೂ ಇಲ್ಲ.

ಇನ್ನೊಂದು. ಎಲ್ಲರನ್ನೂ ಭಟ್ಟರ ಊರಿನಿಂದಲೇ ತರಿಸಬೇಡಿ. ಹೊಂದಾಣಿಕೆ ಚೆನ್ನಾಗಿರುತ್ತದೆ ನಿಜ, ಆದರೆ ಭಟ್ಟರು ಮುನಿಸಿಕೊಂಡ ದಿನ ಅಡುಗೆಮನೆ ಪೂರ್ತಿ ಖಾಲಿ. ಕುಂದಾಪುರದ ಕಡೆಯವರು ಇಬ್ಬರಿದ್ದರೆ ಒಬ್ಬ ಒಡಿಶಾದವನೋ ಉತ್ತರಪ್ರದೇಶದವನೋ ಇರಲಿ. ಊರಿಗೆ ಹೋಗುವ ಕಾಲವೂ ಆಗ ಬೇರೆ ಬೇರೆಯಾಗುತ್ತದೆ: ನಮ್ಮವರು ಏಪ್ರಿಲ್–ಮೇಯಲ್ಲಿ ಮದುವೆ, ಕೋಲ ಎಂದು, ಕೊಂಕಣದವರು ಗಣಪತಿಗೆ, ಬಿಹಾರದ ಕಡೆಯವರು ಛಠ್ ಪೂಜೆಗೆ. ತೆಗೆದುಕೊಳ್ಳುವ ದಿನವೇ "ವರ್ಷದಲ್ಲಿ ಯಾವಾಗ ಊರಿಗೆ ಹೋಗಲೇಬೇಕು?" ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಟ್ರಯಲ್‌ನಲ್ಲಿ ಇಬ್ಬರು ಪಾಸಾಗಿ ಜಾಗ ಒಂದೇ ಇದ್ದರೆ, ಎರಡನೆಯವನಿಗೆ ಅವತ್ತೇ ವಿಷಯ ಹೇಳಿ, ಟ್ರಯಲ್ ಹಣ ಕೈಗಿಟ್ಟು, ನಂಬರ್ ಬರೆದುಕೊಳ್ಳಿ. ಗಣಪತಿ ವಾರದಲ್ಲಿ ಬದಲಿ ಬೇಕಾದಾಗ ಮೊದಲ ಫೋನ್ ಅವನಿಗೇ ಹೋಗಬೇಕು.