"ಇಂಥ ಮಕ್ಕಳಿಗೇ ಅಂತ ಬೇರೆ ಸ್ಕೂಲ್ ಇದೆಯಂತಲ್ಲ, ಮೇಡಂ?"

(ಹೆಸರು, ಊರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗನೂ ಅವನ ಅಪ್ಪ-ಅಮ್ಮನೂ ಒಪ್ಪಿದ್ದಾರೆ.)

ಮನು ಒಂಬತ್ತನೇ ಕ್ಲಾಸು. ಮಧ್ಯ ಕರ್ನಾಟಕದ ಒಂದು ಪಟ್ಟಣ. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಕಳಿಸಿದ್ದು ಅವರ ಡಾಕ್ಟರು. ಒಂದೇ ವರ್ಷದಲ್ಲಿ ಎರಡು ಸಲ ಮೂತ್ರದ ಸೋಂಕು ಆಗಿತ್ತು. ಕೇಳುತ್ತಾ ಹೋದರೆ, ಹುಡುಗ ಶಾಲೆಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಅಮ್ಮ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಲ್ಲ. ಅಲ್ಲಿ ಹೊರಗಿನಿಂದ ಚಿಲಕ ಹಾಕಿ ಬಾಗಿಲು ಬಡಿಯುತ್ತಾರೆ.

ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದ್ದಾರಾ ಅಂತ ಮೊದಲು ಕೇಳಿದೆ. ಇಲ್ಲ ಅಂದ. ಮುಟ್ಟಿದ್ದರೆ ಅದು ಪೋಕ್ಸೋ ಕಾಯ್ದೆಗೆ ಬರುತ್ತೆ, ಆ ಕಾಯ್ದೆ ಗಂಡುಮಕ್ಕಳಿಗೂ ಇದೆ, ಆಗ ನಾನು ಸುಮ್ನೆ ಕೂರುವಂತಿಲ್ಲ ಅಂತ ಅವನಿಗೂ ತಿಳಿಸಿದೆ.

ಅವನ ನಡಿಗೆ, ಕೈ ತಿರುಗಿಸುವ ರೀತಿ, ದನಿ ಇವೆಲ್ಲ ಕ್ಲಾಸಿಗೆ ತಮಾಷೆ. ಹಾಜರಿ ಕರೆಯುವಾಗ ಒಂಬತ್ತನೇ ನಂಬರು ಬಂದರೆ ಎಲ್ಲರೂ ಇವನ ಕಡೆ ತಿರುಗಿ ಕಿಸಕ್ಕನೆ ನಗುತ್ತಾರೆ. ಇವನ ನಂಬರು 26. ಪಿ.ಟಿ. ಮೇಷ್ಟ್ರು "ನೀನು ಹುಡುಗಿಯರ ಲೈನಿಗೆ ಹೋಗಪ್ಪ" ಅಂತಾರಂತೆ.

"ನಾನು ಏನು ಅಂತ ನನಗೇ ಸರಿಯಾಗಿ ಗೊತ್ತಿಲ್ಲ ಮೇಡಂ. ಅವರಿಗೆಲ್ಲ ಗೊತ್ತು" ಅಂದ ಮನು.

ಅಪ್ಪನ ಪ್ರಶ್ನೆ ಬೇರೆ ಇತ್ತು. ಮನುವಿನ ಸೋದರಮಾವ ನ್ಯೂಜೆರ್ಸಿಯಲ್ಲಿದ್ದಾರೆ. ಪಕ್ಕದ ನ್ಯೂಯಾರ್ಕಿನಲ್ಲಿ ಇಂಥ ಮಕ್ಕಳಿಗೇ ಒಂದು ಶಾಲೆ ಇದೆ, ಕಳಿಸಿಬಿಡಿ, ನಾನು ನೋಡಿಕೊಳ್ತೀನಿ ಅಂದಿದ್ದರು. ಒಳ್ಳೆಯ ಮನಸ್ಸಿನ ಮಾತೇ. ಆದರೆ ಅದು ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆ. ನದಿಯಾಚೆ, ಬೇರೆ ರಾಜ್ಯದಲ್ಲಿರುವ ಮಾವನ ಮನೆಯಿಂದ ಸೇರಿಸೋಕೆ ಬರಲ್ಲ.

ಆ ಶಾಲೆಯ ಕತೆ ಮಾತ್ರ ಇವರಿಗೆ ಉಪಯೋಗಕ್ಕೆ ಬಂತು. ಹೆಸರು ಹಾರ್ವೆ ಮಿಲ್ಕ್ ಹೈಸ್ಕೂಲ್. 1978ರಲ್ಲಿ ಕೊಲೆಯಾದ, ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಜನಪ್ರತಿನಿಧಿಯ ಹೆಸರು ಅದು. 1985ರಲ್ಲಿ ಬೆರಳೆಣಿಕೆಯ ಮಕ್ಕಳ ಜೊತೆ ಶುರುವಾಯಿತು. ಏಟು ತಿಂದು, ಬೈಸಿಕೊಂಡು ಶಾಲೆ ಬಿಟ್ಟಿದ್ದ ಮಕ್ಕಳು. 2003ರಲ್ಲಿ ನಗರ ಅದನ್ನು ಪೂರ್ಣ ಹೈಸ್ಕೂಲ್ ಮಾಡಲು ಹೊರಟಾಗ ದೊಡ್ಡ ಜಗಳವೇ ಆಯಿತು. ಒಬ್ಬ ಸೆನೆಟರು ಕೋರ್ಟಿಗೆ ಹೋದರು. ಮೇಯರ್ ಬ್ಲೂಮ್‌ಬರ್ಗ್ ಶಾಲೆಯ ಪರ ನಿಂತರು. ಮಕ್ಕಳನ್ನು ಹೀಗೆ ಬೇರೆ ಮಾಡಿದರೆ ಉಳಿದವರು ಹೊಂದಿಕೊಂಡು ಬಾಳೋದನ್ನು ಯಾವಾಗ ಕಲಿಯೋದು ಅಂತ ಈ ಮಕ್ಕಳ ಪರ ಇದ್ದವರೇ ಕೆಲವರು ಕೇಳಿದರು. ಅಂದಹಾಗೆ, ಅಲ್ಲಿ ಸೇರುವ ಮಗು ತಾನು ಗೇ ಅಥವಾ ಲೆಸ್ಬಿಯನ್ ಅಂತ ಹೇಳಿಕೊಳ್ಳಲೇಬೇಕು ಅಂತ ಏನೂ ಇಲ್ಲ.

"ನಮ್ಮ ಕಡೆ ಇಂಥದ್ದು ಇಲ್ವಾ?" ಅಂದರು ಅಮ್ಮ. ಕೊಚ್ಚಿಯಲ್ಲಿ 2016ರ ಕೊನೆಗೆ 'ಸಹಜ್' ಅಂತ ಒಂದು ಶುರುವಾಗಿತ್ತು, ಶಾಲೆ ಬಿಟ್ಟಿದ್ದ ದೊಡ್ಡ ವಯಸ್ಸಿನ ಟ್ರಾನ್ಸ್‌ಜೆಂಡರ್ ಜನರಿಗೆ, ಓಪನ್ ಸ್ಕೂಲ್ ಪರೀಕ್ಷೆ ಬರೆಸೋಕೆ. ಅವರಿಗೆ ಬಾಡಿಗೆಗೆ ಜಾಗವೇ ಸಿಗಲಿಲ್ಲ. ಮನೆ ಮಾಲೀಕರೆಲ್ಲ ಆಗಲ್ಲ ಅಂದರು. ಕೊನೆಗೆ ಕ್ರೈಸ್ತ ಸನ್ಯಾಸಿನಿಯರು ಕಟ್ಟಡ ಕೊಟ್ಟರು. ಬೇರೆ ಶಾಲೆ ಮಾಡಿದರೂ ಅದು ಇರಬೇಕಾದ್ದು ಅದೇ ಊರಿನಲ್ಲೇ, ಅದೇ ಜನರ ನಡುವೆಯೇ.

ಅಪ್ಪನನ್ನು ಒಂದು ಮಾತು ನೇರವಾಗಿ ಕೇಳಿದೆ. "ಇವನನ್ನು ದೂರ ಕಳಿಸಿದರೆ ಹಗುರಾಗೋದು ಯಾರಿಗೆ ಸರ್, ಅವನಿಗಾ, ನಿಮಗಾ?" ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಡಿಗೆ ಬರೋರು ಕೇಳ್ತಾರೆ ಮೇಡಂ" ಅಂದರು. ನಾನು ಅದಕ್ಕೆ ಅವರನ್ನು ದೂರಲಿಲ್ಲ. ಆ ಭಯ ನಿಜವಾದದ್ದೇ. ಟ್ರೀಟ್‌ಮೆಂಟ್ ಏನಾದ್ರೂ ಉಂಟಾ ಅಂತಲೂ ಮೆಲ್ಲಗೆ ಕೇಳಿದರು. ಇದು ಕಾಯಿಲೆ ಅಲ್ಲ, ಬದಲಾಯಿಸಿ ಕೊಡ್ತೀನಿ ಅನ್ನುವ ಡಾಕ್ಟರದ್ದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ, ದುಡ್ಡು ಮಗು ಎರಡನ್ನೂ ಕಳಕೊಳ್ಳಬೇಡಿ ಅಂದೆ.

ಬೇರೆ ಶಾಲೆ ಬೇಕಾ ಅಂತ ಮನುವನ್ನೇ ಕೇಳಿದಾಗ ಬಂದ ಉತ್ತರ ನನಗೆ ಜಾಸ್ತಿ ಮುಖ್ಯವಾಯಿತು. "ಅಲ್ಲಿ ನನ್ನ ಥರ ಇನ್ನೊಬ್ಬ ಇರ್ತಾನಾ?" ನನ್ನ ಪ್ರಕಾರ ಇಂಥ ಶಾಲೆಗಳ ನಿಜವಾದ ಬಲ ಇದೇ. ಅವುಗಳಿಂದ ಹೊರಗಿನ ಸಮಾಜ ತಿದ್ದಿಕೊಳ್ಳುತ್ತೆ ಅಂತ ನಾನು ನಂಬಲ್ಲ. ಬಿಟ್ಟುಬಂದ ಕ್ಲಾಸಿನ ಮಕ್ಕಳು ಕಲಿಯೋದು ಒಂದೇ: ಬೇರೆ ಥರ ಇದ್ದವನು ಎದ್ದು ಹೋಗಬೇಕು. ಹಾಗಂತ ಒಂದೇ ರೂಮಿನಲ್ಲಿ ಕೂರಿಸಿದ ಮಾತ್ರಕ್ಕೆ ಸಹನೆ ಬರುತ್ತೆ ಅನ್ನೋದೂ ಸುಳ್ಳು. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೆ ಷರತ್ತುಗಳನ್ನು ಹೇಳಿದ್ದರು. ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಒಂದೇ ಗುರಿಗೆ ಕೂಡಿ ಕೆಲಸ ಮಾಡಬೇಕು, ಮೇಲಿನವರ ಬೆಂಬಲ ಇರಬೇಕು. ಇಲ್ಲಿ ಮೇಲಿನವರು ಅಂದರೆ ಆ ಪಿ.ಟಿ. ಮೇಷ್ಟ್ರು! ಅವರೇ ನಗಿಸುತ್ತಿದ್ದರೆ ಮಕ್ಕಳು ಇನ್ನೇನು ಕಲಿತಾರೆ? ಮತ್ತೆ, ಕ್ಲಾಸಿನ ನಲವತ್ತು ಮಕ್ಕಳಿಗೆ ಸಹನೆ ಕಲಿಸೋದು ಮನುವಿನ ಹೊಣೆ ಅಲ್ಲ. ಅವನು ಅಲ್ಲಿಗೆ ಹೋಗೋದು ಓದೋಕೆ.

ಹಾಗಾಗಿ ನಾನು ಕೊಟ್ಟ ಸಲಹೆ ಹೀಗಿತ್ತು. ಹೆಡ್‌ಮಾಸ್ಟರಿಗೆ ಬಾಯಿಮಾತಲ್ಲಿ ಹೇಳಬೇಡಿ, ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಮಗ ಇಂಥವನು ಅಂತ ಹೆಸರಿಡುವ ಅಗತ್ಯವೇ ಇಲ್ಲ. ನಡೆದದ್ದನ್ನು ತಾರೀಖು ಸಮೇತ ಬರೆಯಿರಿ, ಸಾಕು. ಮೂರು ವಿಷಯ ಕೇಳಿ: ಸ್ಟಾಫ್ ಟಾಯ್ಲೆಟ್ ಬಳಸಲು ಬಿಡಬೇಕು, ಹಾಜರಿ ಹೆಸರಿನಿಂದ ಕರೆಯಬೇಕು, ಪಿ.ಟಿ. ಮೇಷ್ಟ್ರ ಜೊತೆ ಹೆಡ್‌ಮಾಸ್ಟರೇ ಮಾತಾಡಬೇಕು. ದಸರಾ ರಜೆವರೆಗೆ ಟೈಮ್ ಕೊಡಿ. ಬದಲಾಗದಿದ್ದರೆ ಬೇರೆ ಮಾಮೂಲಿ ಶಾಲೆ ನೋಡಿ, ಅದು ಸೋಲಲ್ಲ. ಮನೆಯಲ್ಲೇ ಕೂರಿಸಿ ಓಪನ್ ಸ್ಕೂಲ್ ಕಟ್ಟಿಸೋದು ಕೊನೆಯ ದಾರಿ. ಇವನಿಗೆ ಏಟಿಗಿಂತ ಒಂಟಿತನವೇ ಜಾಸ್ತಿ ನೋವು ಕೊಡ್ತಿದೆ.

ಆ ಒಂಟಿತನಕ್ಕೆ ಅಮ್ಮ ತಾವೇ ಒಂದು ದಾರಿ ಕಂಡುಕೊಂಡರು. 2021ರಲ್ಲಿ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊವನ್ನು ಮಗನ ಜೊತೆ ಕೂತು ನೋಡಿದರಂತೆ. "ಎಷ್ಟು ಆರಾಮಾಗಿ ನಡ್ಕೊಂಡು ಹೋದ್ರು ಅಲ್ವಾಮ್ಮ" ಅಂದನಂತೆ ಮನು. ಮನೆಯಲ್ಲಿ ಈ ವಿಷಯ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು.

ಶಾಲೆ ಟಾಯ್ಲೆಟ್ ಕೊಟ್ಟಿತು, ಹಾಜರಿಯನ್ನೂ ಬದಲಿಸಿತು. ಮೇಷ್ಟ್ರು ಬದಲಾಗಲಿಲ್ಲ. ವಾರ್ಷಿಕ ಪರೀಕ್ಷೆ ಮುಗಿಸಿ ಮನು ಊರಿನ ಇನ್ನೊಂದು ಶಾಲೆಗೆ ಸೇರಿದ. ಅಲ್ಲೂ ಒಂದಿಬ್ಬರು ಕೆಣಕುತ್ತಾರೆ. ಆದರೆ ಕ್ಲಾಸ್ ಟೀಚರು ಮೊದಲ ವಾರವೇ ಅವರನ್ನು ಕರೆದು ಗದರಿದರಂತೆ. ನಾಟಕದ ತಂಡದಲ್ಲಿ ಇವನಿಗೆ ಕೆಲಸ ಹಚ್ಚಿದ್ದಾರೆ. ಇಬ್ಬರು ಗೆಳೆಯರಾಗಿದ್ದಾರೆ.

ಈಗ ಅಪ್ಪನಿಗೆ ಪಿಯುಸಿ ಚಿಂತೆ. ಬೆಂಗಳೂರಿನ ಹಾಸ್ಟೆಲ್ ಬೇಕಾ, ಮನೆಯಿಂದಲೇ ಓದಿಸಬೇಕಾ? ಲೈಂಗಿಕ ಒಲವು, ಲಿಂಗ ಗುರುತಿನ ಹೆಸರಲ್ಲಿ ಕಾಡಿದರೆ ಅದೂ ರ‍್ಯಾಗಿಂಗ್ ಅಂತ ಪದವಿ ಕಾಲೇಜು, ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2016ರಲ್ಲಿ ನಿಯಮ ಮಾಡಿದೆ, ಆದರೆ ಪಿಯು ಕಾಲೇಜುಗಳು ಯುಜಿಸಿ ಕೆಳಗೆ ಬರಲ್ಲ. ಅದಕ್ಕೇ ಫೀಸು ಕಟ್ಟುವ ಮೊದಲು ಪ್ರಿನ್ಸಿಪಾಲರನ್ನೂ ವಾರ್ಡನ್‌ನನ್ನೂ ಕಂಡು, ಹುಡುಗರು ದೂರು ಕೊಟ್ಟರೆ ನೀವೇನು ಮಾಡ್ತೀರಿ ಅಂತ ಕೇಳಿ ಬನ್ನಿ ಅಂದಿದ್ದೇನೆ. ಮನುವನ್ನೂ ಕರಕೊಂಡು ಹೋಗ್ತಾರಂತೆ.