ಆಗಸ್ಟಲ್ಲಿ ಹತ್ತು ದಿನ ಶ್ರೀಲಂಕಾ ಫೋಟೋಗ್ರಫಿ: ನನ್ನ ಪ್ರಕಾರ ಕೆರೆಗಳನ್ನ ಹಿಡ್ಕೊಂಡು ಓಡಾಡಿ

ನೀವು ಕೇಳಿರೋದು ಇಷ್ಟು: ಆಗಸ್ಟಲ್ಲಿ ಹತ್ತು ದಿನ ರಜ ಇದೆ, ಬೆಂಗಳೂರಿಂದ ಕೊಲಂಬೊಗೆ ಟಿಕೆಟ್ ಆಗಿದೆ, ಒಂದು ಕ್ಯಾಮೆರಾ ಬಾಡಿ, ಒಂದು 24-70 (ಅಗಲವಾದ ದೃಶ್ಯಕ್ಕೆ), ಒಂದು 100-400 (ದೂರದ್ದನ್ನ ಹತ್ತಿರ ತರೋ) ಲೆನ್ಸ್, ಲ್ಯಾಂಡ್‌ಸ್ಕೇಪು, ವೈಲ್ಡ್‌ಲೈಫು, ಅಲ್ಲಿನ ಜನಜೀವನ ಮೂರೂ ಬೇಕು, ಯಾಲ ಕಾಡು, ಮಿರಿಸ್ಸ ಸಮುದ್ರ, ಸಿಗಿರಿಯ ಬಂಡೆ, ನುವಾರ ಎಲಿಯ ಟೀ ಸೀಮೆ, ಒಂಬತ್ತು ಕಮಾನಿನ ರೈಲ್ವೆ ಸೇತುವೆ ಎಲ್ಲಾ ಮುಗಿಯುತ್ತಾ ಅಂತ.

ಮುಗಿಸಬಹುದು, ಆದ್ರೆ ಫೋಟೋ ಸಿಗಲ್ಲ. ಮ್ಯಾಪಲ್ಲಿ ನೋಡಿದ್ರೆ ಪುಟ್ಟ ದೇಶ ಅನ್ಸುತ್ತೆ, ರಸ್ತೆಗೆ ಇಳಿದ್ಮೇಲೆ ಗೊತ್ತಾಗುತ್ತೆ, ಬೆಟ್ಟದ ದಾರಿಗಳಲ್ಲಿ ನೂರು ಕಿಲೋಮೀಟರ್‌ಗೆ ಮೂರ್ ನಾಲ್ಕು ಗಂಟೆ ಹಿಡಿಯುತ್ತೆ, ಆ ಓಡಾಟ ಬೀಳೋದು ಸರಿಯಾಗಿ ಬೆಳಿಗ್ಗೆ ಸಂಜೆಯ ಒಳ್ಳೆ ಬೆಳಕಿನ ಹೊತ್ತಲ್ಲೇ. ನಾನು ಹೇಳೋದೇನಂದ್ರೆ ದ್ವೀಪ ಪೂರ್ತಿ ಸುತ್ತೋ ಆಸೆ ಬಿಡಿ, ಮಧ್ಯ-ಉತ್ತರದ ಒಣ ಸೀಮೆಯ ಹಳೇ ಕೆರೆಗಳ ಸುತ್ತ ಇರಿ, ಅನುರಾಧಪುರ, ಹಬರಣ, ಪೊಲೊನ್ನರುವ, ಕೊನೆಗೆ ಟ್ರಿಂಕೋಮಲಿ ಸಮುದ್ರ. ನಿಮಗೆ ಬೇಕಾದ ಮೂರೂ ಅಲ್ಲಿ ಒಂದೇ ಜಾಗದಲ್ಲಿ ಸಿಗುತ್ತೆ.

ಮೊದಲು ಮಳೆ ಲೆಕ್ಕ, ಯಾಕಂದ್ರೆ ಅಲ್ಲಿ ಎಲ್ಲಾ ನಿರ್ಧಾರ ಆಗೋದು ಅದರ ಮೇಲೆ. ಲಂಕೆಗೆ ಎರಡು ಮಾನ್ಸೂನ್. ಮೇ ಇಂದ ಸೆಪ್ಟೆಂಬರ್‌ವರೆಗೆ ನೈಋತ್ಯದ್ದು, ಅದು ದಕ್ಷಿಣ, ಪಶ್ಚಿಮ ಕರಾವಳಿ ಮತ್ತೆ ಬೆಟ್ಟಸೀಮೆಯ ಪಶ್ಚಿಮ ಮಗ್ಗುಲನ್ನ ನೆನೆಸುತ್ತೆ. ವರ್ಷದ ಕೊನೆಗೆ ಈಶಾನ್ಯದ್ದು, ಅದು ಉತ್ತರ ಪೂರ್ವಕ್ಕೆ. ಅಂದ್ರೆ ಆಗಸ್ಟಲ್ಲಿ ಮಿರಿಸ್ಸದಲ್ಲಿ ಸಮುದ್ರ ಒರಟಾಗಿರುತ್ತೆ, ಅಲ್ಲಿ ನೀಲಿ ತಿಮಿಂಗಿಲ ನೋಡೋ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ಅದೇ ಆಗಸ್ಟಲ್ಲಿ ಪೂರ್ವದ ಟ್ರಿಂಕೋಮಲಿ ಕಡೆ ಸಮುದ್ರ ಶಾಂತ, ತಿಮಿಂಗಿಲ ಸೀಸನ್ನೂ ಅಲ್ಲೇ. ಒಣ ಸೀಮೆಯಲ್ಲಂತೂ ಬಿಸಿಲು, ಬಿಸಿಗಾಳಿ, ಧೂಳು, ಕೆರೆಗಳು ಇಳೀತಾ ಇರ್ತವೆ, ನಿಮಗೆ ಬೇಕಾಗಿರೋದು ಅದೇ.

ಈಗ ಮಿನ್ನೇರಿಯ. ಮಹಾಸೇನ ಅನ್ನೋ ರಾಜ ಮೂರನೇ ಶತಮಾನದಲ್ಲಿ ಕಟ್ಟಿಸಿದ ಕೆರೆ, ಈಗ ನ್ಯಾಷನಲ್ ಪಾರ್ಕು. ಅಲ್ಲಿನ ಒಣ ಕಾಲದಲ್ಲಿ ನೀರು ಹಿಂದೆ ಸರಿದಾಗ ಕೆರೆ ಅಂಗಳದಲ್ಲಿ ಎಳೆ ಹುಲ್ಲು ಬರುತ್ತೆ, ಸುತ್ತಲ ಕಾಡಲ್ಲಿ ಮೇವೂ ಇಲ್ಲ ನೀರೂ ಇಲ್ಲ, ಹಾಗಾಗಿ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ನೂರಾರು ಆನೆ ಅಲ್ಲಿಗೆ ಇಳಿಯುತ್ತೆ. ಕಬಿನಿ ಹಿನ್ನೀರಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ನಾವು ನೋಡೋದೂ ಇದೇ ಕಾರಣಕ್ಕೆ ಆಗೋದು. ಆದ್ರೆ ಕಬಿನಿ ಕಣ್ಣಲ್ಲಿ ಹೋದ್ರೆ ಒಂದು ವ್ಯತ್ಯಾಸ ತಕ್ಷಣ ಕಾಣುತ್ತೆ, ದಂತ. ಲಂಕೆಯ ಗಂಡಾನೆಗಳಲ್ಲಿ ನೂರಕ್ಕೆ ಹತ್ತಕ್ಕೂ ದಂತ ಇರಲ್ಲ. ನಮ್ಮ ಕಬಿನಿಯ ಆನೆ ಭೋಗೇಶ್ವರನಂಥ ದಂತದ ಚಿತ್ರ ತಲೇಲಿಟ್ಕೊಂಡು ಹೋಗ್ಬೇಡಿ, ಅಲ್ಲಿನ ಚಿತ್ರ ಗುಂಪಿಂದು, ತಾಯಿ ಮರಿಗಳದ್ದು.

ಅಲ್ಲಿ ಜೀಪ್ ಬಿಡೋದು ಮಧ್ಯಾಹ್ನದ ಮೇಲೆ. ಮೊದಲ ಒಂದು ಗಂಟೆ ಫೋಟೋ ತೆಗೀಬೇಡಿ, ಸುಮ್ನೆ ನೋಡಿ. ಆನೆ ಆ ಗಿಡ್ಡ ಹುಲ್ಲನ್ನ ಹೇಗೆ ತಿನ್ನುತ್ತೆ ಅಂದ್ರೆ, ಮುಂಗಾಲಿನ ಉಗುರಲ್ಲಿ ನೆಲನ ಕೆರೆದು ಕೆರೆದು ಹುಲ್ಲು ಬಿಡಿಸುತ್ತೆ, ಸೊಂಡಿಲಲ್ಲಿ ಗುಡಿಸಿ ಒಂದು ಕಟ್ಟು ಮಾಡ್ಕೊಳ್ಳುತ್ತೆ, ಆಮೇಲೆ ಮಣ್ಣು ಉದುರೋ ಹಾಗೆ ಅದನ್ನ ಕಾಲಿಗೆ ಪಟಪಟ ಬಡಿದು ಬಾಯಿಗಿಡುತ್ತೆ. ಪಕ್ಕದಲ್ಲಿ ಮರಿ ಅದೇ ಥರ ಮಾಡಕ್ಕೆ ಹೋಗಿ ಹುಲ್ಲೆಲ್ಲಾ ಕೆಳಗೆ ಬೀಳಿಸ್ಕೊಳ್ಳುತ್ತೆ. ಈ ಲಯ ಕಣ್ಣಿಗೆ ಕೂತ್ಮೇಲೆ ಯಾವಾಗ ಕ್ಲಿಕ್ ಮಾಡ್ಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಐದು ಗಂಟೆ ಮೇಲೆ ಸೂರ್ಯ ಆನೆ ಹಿಂದೆ ಬರೋ ಹಾಗೆ ಜೀಪ್ ನಿಲ್ಲಿಸ್ಕೊಳ್ಳಿ, ಬಡಿದ ಹುಲ್ಲಿಂದ ಹಾರೋ ಮಣ್ಣೂ, ಮೈಮೇಲೆ ಎರಚಿಕೊಳ್ಳೋ ಧೂಳೂ ಬೆಳಕಲ್ಲಿ ಹೊಳೆಯುತ್ತೆ. ಮತ್ತೆ 400ರಲ್ಲೇ ಇರ್ಬೇಡಿ ದಯವಿಟ್ಟು. ಆನೆ ಮುಖ, ಕಣ್ಣು ಎಲ್ಲಿ ಬೇಕಾದ್ರೂ ತೆಗೀಬಹುದು, ಆದ್ರೆ ಸಾವಿರದ ಏಳ್ನೂರು ವರ್ಷ ಹಳೇ ಕೆರೆ ಅಂಗಳ, ಹಿಂದೆ ನೀಲಿ ಗುಡ್ಡ, ನೀರಂಚಲ್ಲಿ ಕೊಕ್ಕರೆ, ಹೆಜ್ಜಾರ್ಲೆ, ಮಧ್ಯದಲ್ಲಿ ಸಣ್ಣ ಸಣ್ಣದಾಗಿ ಆನೆಗಳು, ಇದು 24-70ಗೇ ಸಿಗೋದು.

ಒಂದು ವಿಷಯ ಗೊತ್ತಿರ್ಲಿ. ಮೊರಗಹಕಂದ ಅಂತ ದೊಡ್ಡ ಅಣೆಕಟ್ಟು ಬಂದ್ಮೇಲೆ ಕೆಲವು ವರ್ಷ ಒಣ ಕಾಲದಲ್ಲೂ ಮಿನ್ನೇರಿಯಕ್ಕೆ ನೀರು ಬಿಟ್ಟಿದ್ದಾರೆ, ಆಗ ಹುಲ್ಲಿನ ಅಂಗಳ ಮುಳುಗಿ ಆನೆಗೆ ಮೇವೇ ಇಲ್ಲ ಅಂತ ಅಲ್ಲಿನ ವನ್ಯಜೀವಿ ತಜ್ಞರು ಬಹಳ ಕೂಗಿದ್ದಾರೆ. ಹಾಗಾಗಿ ಹಬರಣ ತಲುಪಿದ ದಿನ ಜೀಪಿನವರನ್ನ ಕೇಳಿ, ಆನೆ ಮಿನ್ನೇರಿಯದಲ್ಲಿದ್ಯಾ ಕೌದುಲ್ಲದಲ್ಲಿದ್ಯಾ ಅಂತ, ಎರಡೂ ಅಕ್ಕಪಕ್ಕದ ಪಾರ್ಕುಗಳೇ. ಡ್ರೈವರ್‌ಗೆ ಹೊರಡೋ ಮುಂಚೆನೇ ಹೇಳ್ಬಿಡಿ, ನಂಗೆ ಹತ್ತಿರ ಹೋಗೋದು ಬೇಡ, ಎಂಜಿನ್ ಆಫ್ ಮಾಡಿ ಒಂದೇ ಕಡೆ ನಿಂತ್ರೆ ಸಾಕು ಅಂತ. ಜೀಪುಗಳು ಗುಂಪಾಗಿ ಮರಿ ಇರೋ ಹಿಂಡನ್ನ ಸುತ್ತುವರಿಯೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ, ಆ ಗುಂಪಲ್ಲಿ ನಿಮ್ಮ ಜೀಪ್ ಇರೋದು ಬೇಡ.

ಇನ್ನೊಂದು, ಆನೆ ಅಂದ್ರೆ ಪಾರ್ಕಿನೊಳಗಿನ ಆನೆ ಮಾತ್ರ ಅಲ್ಲ. ಲಂಕೆಯಲ್ಲಿ ವರ್ಷಕ್ಕೆ ನೂರಾರು ಆನೆ ಸಾಯ್ತವೆ, ಆನೆಯಿಂದ ನೂರಕ್ಕೂ ಹೆಚ್ಚು ಜನ ಸಾಯ್ತಾರೆ. 2025ರ ಫೆಬ್ರವರಿಯಲ್ಲಿ ಇದೇ ಹಬರಣ ಹತ್ತಿರ ರೈಲು ಹೊಡೆದು ಆರು ಆನೆ ಹೋದ್ವು. ರಸ್ತೆ ಪಕ್ಕದ ಹಳ್ಳಿಗಳಲ್ಲಿ ಸೋಲಾರ್ ಬೇಲಿ, ಮರದ ಮೇಲೆ ಕಟ್ಟಿರೋ ಕಾವಲು ಅಟ್ಟಣಿಗೆ, ಆನೆ ಒರಗಿಸಿ ಹೋದ ಬಾಳೆ ತೋಟ ಇವೆಲ್ಲಾ ಕಾಣ್ತವೆ. ಹಾಸನ, ಕೊಡಗು, ಚಾಮರಾಜನಗರದ ಕಡೆಯವರಿಗೆ ಇದನ್ನ ವಿವರಿಸಿ ಹೇಳೋದೇ ಬೇಡ. ವೈಲ್ಡ್‌ಲೈಫೂ ಜನಜೀವನವೂ ಒಂದೇ ಫ್ರೇಮಲ್ಲಿ ಬೇಕಂದ್ರೆ ಇದನ್ನ ತೆಗೀರಿ, ಇದನ್ನ ಯಾರೂ ತೆಗೆಯಲ್ಲ.

ಹಳ್ಳಿ ಕೆರೆಗಳಿಗೂ ಹೋಗಿ, ಹೆಸರೇ ಕೇಳಿರದ ಸಣ್ಣ ಸಣ್ಣವು, ಸಾವಿರಾರಿವೆ, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗೋ ಹಾಗೆ ಸರಣಿಯಲ್ಲಿ ಕಟ್ಟಿರೋದು, ನಮ್ಮ ಕೋಲಾರದ ಕಡೆ ಇದ್ದ ಹಾಗೇ. ಏರಿ ಮೇಲೆ ದಾರಿ, ದಡದಲ್ಲಿ ದೊಡ್ಡ ದೊಡ್ಡ ಹೊಳೆಮತ್ತಿ ಮರ, ಕೆಳಗೆ ಗದ್ದೆ, ಆಗಸ್ಟಲ್ಲಿ ನೀರಿದ್ದ ಕಡೆ ಕೊಯ್ಲು ನಡೀತಿರುತ್ತೆ. ಬೆಳಿಗ್ಗೆ ಆರಕ್ಕೆ ಮೀನಿನವರು ಬಲೆ ಎತ್ತಿ ದಡಕ್ಕೆ ಬಂದು ತಿಲಾಪಿಯ ಬಿಡಿಸ್ತಾ ಕೂರ್ತಾರೆ. ಸಂಜೆ ಊರೇ ಸ್ನಾನಕ್ಕೆ ಬರುತ್ತೆ, ಆಗ ಹೆಂಗಸರು ಮಕ್ಕಳು ಇರೋ ಕಡೆ ಕ್ಯಾಮೆರಾ ಕೆಳಗಿಡಿ, ಬೆಳಕು ಎಷ್ಟೇ ಚೆನ್ನಾಗಿದ್ರೂ. ಮಾರನೇ ದಿನ ಮತ್ತೆ ಅದೇ ಕೆರೆಗೆ ಹೋಗಿ, ಅವರೇ ಮಾತಾಡಿಸ್ತಾರೆ, ಚಾ ಕೊಡ್ತಾರೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನ ಹೊರಡೋ ಮುಂಚೆ ಒಂದ್ಸಲ ನೋಡ್ಕೊಳ್ಳಿ, ಜನ ಅವರ ಮುಂದೆ ಎಷ್ಟು ನಿರಾಳವಾಗಿರ್ತಾರೆ ಅಂತ. ಲಂಕೆಯವರೇ ಆದ ಲಯನೆಲ್ ವೆಂಟ್ ಅವರದ್ದನ್ನೂ ನೋಡಿ, 1944ರಲ್ಲಿ ತೀರ್ಕೊಂಡವರು, ಪಿಯಾನೋ ವಾದಕರು, ಕಪ್ಪುಬಿಳುಪಲ್ಲಿ ಆ ದೇಶದ ಮೀನುಗಾರರನ್ನ, ತೆಂಗನ್ನ, ನೆರಳನ್ನ ಅವರು ನೋಡಿರೋ ರೀತಿ ಟೂರಿಸ್ಟ್ ಕಣ್ಣಿಗೆ ಬರೋಕೆ ಸಾಧ್ಯ ಇಲ್ಲ.

ಅನುರಾಧಪುರಕ್ಕೆ ಹುಣ್ಣಿಮೆ ದಿನ ಸಿಕ್ಕರೆ ಬಿಡ್ಬೇಡಿ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜ, ಬಿಳಿ ಬಟ್ಟೆ ಉಟ್ಟು ನೈದಿಲೆ ಹೂ ಹಿಡಿದು ಜನ ಬೋಧಿವೃಕ್ಷಕ್ಕೆ, ರುವನ್ವೆಲಿಸಾಯ ಸ್ತೂಪಕ್ಕೆ ಬರ್ತಾರೆ. ಬಿಳಿ ಸ್ತೂಪ, ಬಿಳಿ ಬಟ್ಟೆ, ಬಿಸಿಲು, ಕ್ಯಾಮೆರಾ ಒಂದೋ ಎಲ್ಲಾ ಬೂದು ಮಾಡುತ್ತೆ ಇಲ್ಲಾ ಬಟ್ಟೆಯ ಮಡಿಕೆ ಸುಟ್ಟುಹಾಕುತ್ತೆ, ಹಿಸ್ಟೋಗ್ರಾಂ (ಫೋಟೋದಲ್ಲಿ ಬೆಳಕು ಎಷ್ಟಿದೆ ಅಂತ ತೋರಿಸೋ ಗ್ರಾಫ್) ನೋಡ್ಕೊಂಡು ಎಕ್ಸ್‌ಪೋಶರನ್ನ ಮ್ಯಾನ್ಯುಯಲ್ಲಲ್ಲಿ ಲಾಕ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಮುಸ್ಸಂಜೆ ಹೋಗಿ ದೀಪದ ಬೆಳಕಲ್ಲಿ ತೆಗೀರಿ. ಭುಜ, ಮಂಡಿ ಮುಚ್ಚಿರ್ಬೇಕು, ಚಪ್ಪಲಿ ಟೋಪಿ ತೆಗೀಬೇಕು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯೋದನ್ನ ಅಲ್ಲಿ ಅವಮಾನ ಅಂತಲೇ ತಗೋತಾರೆ, ಪೊಲೀಸ್ ಕೇಸೂ ಆಗಿದೆ.

ಅಲ್ಲಿಂದ್ಲೇ ವಿಲ್ಪಟ್ಟು ಹತ್ತಿರ. ಚಿರತೆಗೆ ಎಲ್ಲರೂ ಯಾಲ ಅಂತಾರೆ, ಸಿಗೋದು ನಿಜ, ಆದ್ರೆ ಜೀಪಿನ ಟ್ರಾಫಿಕ್ಕು ವಿಪರೀತ ಮತ್ತೆ ನಿಮ್ಮ ದಾರಿಗೆ ಬಹಳ ದೂರ. ವಿಲ್ಪಟ್ಟು ಯುದ್ಧದ ಕಾಲದಲ್ಲಿ ಬಹಳ ವರ್ಷ ಮುಚ್ಚಿದ್ದು 2010ರಲ್ಲಿ ಮತ್ತೆ ತೆರೆದ ಕಾಡು, ಒಳಗೆ ವಿಲ್ಲು ಅಂತ ಸಹಜ ಕೊಳಗಳು, ಬಿಳಿ ಮರಳಿನ ದಾರಿ. ಲಂಕೆಯಲ್ಲಿ ಹುಲಿ ಇಲ್ಲ, ಸಿಂಹ ಇಲ್ಲ, ಚಿರತೆನೇ ರಾಜ, ಅದಕ್ಕೇ ನಾಗರಹೊಳೆಯ ಚಿರತೆ ಥರ ಮರದ ಮೇಲೆ ಅಡಗದೆ ಹಾಡಹಗಲೇ ದಾರಿ ಮಧ್ಯ ಕೂತಿರೋದೂ ಉಂಟು. ಸಿಗದಿದ್ರೂ ಕೊಳದಂಚಲ್ಲಿ ಜಿಂಕೆ, ಮೊಸಳೆ, ಮಂಗಟ್ಟೆ ಇದ್ದೇ ಇರ್ತವೆ.

ಸಿಗಿರಿಯ ಮೇಲೆ ಹತ್ತಿದ್ರೆ ಸಿಗಿರಿಯ ಕಾಣಲ್ಲ ಅನ್ನೋದು ನೆನಪಿರ್ಲಿ, ಬಂಡೆ ಬೇಕಂದ್ರೆ ಉತ್ತರಕ್ಕಿರೋ ಪಿದುರಂಗಲ ಹತ್ತಿ, ಸೂರ್ಯೋದಯಕ್ಕೆ ಮುಂಚೆ, ಬೆಳಕು ಎಡಗಡೆಯಿಂದ ಬಂಡೆ ಮೈಮೇಲೆ ಬರುತ್ತೆ, ಮೈಯೆಲ್ಲಾ ಉಬ್ಬು ತಗ್ಗು ಎದ್ದು ಕಾಣುತ್ತೆ. ಸಿಗಿರಿಯದ ಒಳಗಿನ ಐದನೇ ಶತಮಾನದ ವರ್ಣಚಿತ್ರಗಳ ಫೋಟೋ ತೆಗೆಯೋ ಹಾಗಿಲ್ಲ, ಸುಮ್ನೆ ನೋಡಿ ಬನ್ನಿ. ಪೊಲೊನ್ನರುವದಲ್ಲಿ ಗಲ್ ವಿಹಾರದಲ್ಲಿ ಬಂಡೆಗೆ ಕೆತ್ತಿರೋ ಬುದ್ಧರ ಜೊತೆಗೆ ಕೋತಿಗಳಿಗೂ ಟೈಮ್ ಇಡಿ, ನಮ್ಮ ಊರಿನ ಕೋತಿಯ ದಾಯಾದಿ, ತಲೆ ಮೇಲೆ ಟೋಪಿ ಇಟ್ಟ ಹಾಗೆ ಸುಳಿ, ಲಂಕೆ ಬಿಟ್ರೆ ಬೇರೆಲ್ಲೂ ಇಲ್ಲ, ಅಲ್ಲಿನ ಗುಂಪುಗಳನ್ನ ವಿಜ್ಞಾನಿಗಳು 1968ರಿಂದ ಗಮನಿಸ್ತಾ ಬಂದಿದ್ದಾರೆ. ಮನುಷ್ಯರು ಅಷ್ಟು ಅಭ್ಯಾಸ ಆಗಿರೋದ್ರಿಂದ ತಾಯಿ ಮರಿ ಹೇನು ಹೆಕ್ಕೋದೆಲ್ಲಾ ನಿಮ್ಮ ಪಾಡಿಗೆ ಕೂತು ತೆಗೀಬಹುದು, ತಿಂಡಿ ಮಾತ್ರ ತೋರಿಸ್ಬೇಡಿ.

ಸಮುದ್ರದಲ್ಲಿ ನೆಟ್ಟ ಕೋಲಿನ ಮೇಲೆ ಕೂತು ಗಾಳ ಹಾಕೋ ಮೀನುಗಾರರ ಫೋಟೋ ಬೇಕು ಅಂತಲೂ ಬರೆದಿದ್ದೀರ. ದಕ್ಷಿಣ ಕರಾವಳಿಯ ಕೊಗ್ಗಲ ಕಡೆ ಈಗ ಬಹುಪಾಲು ದುಡ್ಡು ತಗೊಂಡು ಪೋಸ್ ಕೊಡೋದು, ಅದರಲ್ಲಿ ತಪ್ಪಿಲ್ಲ, 2004ರ ಸುನಾಮಿ ಆದ್ಮೇಲೆ ಆ ಕಸುಬಲ್ಲಿ ಹೊಟ್ಟೆ ತುಂಬ್ತಿಲ್ಲ, ಅವರೂ ಬದುಕ್ಬೇಕು. ತೆಗೆದ್ರೆ ದುಡ್ಡು ಕೊಡಿ, ಕ್ಯಾಪ್ಶನ್ನಲ್ಲಿ ನಿಜ ಬರೀರಿ. ಆದ್ರೆ ನಿಮ್ಮ ದಾರೀಲಿ ಅದಕ್ಕಿಂತ ಒಳ್ಳೇದಿದೆ. ಟ್ರಿಂಕೋಮಲಿ ತೀರದಲ್ಲಿ ಆ ಸೀಸನ್ನಲ್ಲಿ ಎಳೆಬಲೆ ಹಾಕ್ತಾರೆ, ದೋಣಿ ಅರ್ಧ ಚಂದ್ರಾಕಾರಕ್ಕೆ ಬಲೆ ಬಿಟ್ಟು ಬರುತ್ತೆ, ದಡದಲ್ಲಿ ಎರಡೂ ತುದಿಗೆ ಸಾಲಾಗಿ ಗಂಡಸರು ಹಗ್ಗ ಸೊಂಟಕ್ಕೆ ಸುತ್ಕೊಂಡು ಹಿಮ್ಮಡಿ ಮರಳಲ್ಲಿ ಹೂತು ಹಿಂದಕ್ಕೆ ವಾಲಿ ಒಂದೇ ಕೂಗಿಗೆ ಒಂದೊಂದು ಹೆಜ್ಜೆ ಎಳೀತಾರೆ. ಕೊನೇಲಿ ಚೀಲ ದಡಕ್ಕೆ ಬಂದಾಗ ಎಲ್ಲರೂ ಮೀನಿನ ಫೋಟೋಗೆ ನುಗ್ತಾರೆ, ನೀವು ಎಳೆಯುವಾಗಿನ ಕಾಲುಗಳನ್ನ, ಹಗ್ಗ ಹಿಡಿದ ಕೈಗಳನ್ನ ನೋಡಿ. ಕರೆದ್ರೆ ಹಗ್ಗಕ್ಕೆ ನೀವೂ ಕೈ ಹಾಕಿ.

ಕ್ಯಾಂಡಿ ಊರಿನ ಪೆರಹೆರ ಅನ್ನೋ ಆನೆ ಮೆರವಣಿಗೆ ಕೂಡ ಸಾಮಾನ್ಯವಾಗಿ ಅದೇ ಆಗಸ್ಟಲ್ಲಿ ಬೀಳುತ್ತೆ, ಕೊಬ್ಬರಿ ಪಂಜಿನ ಬೆಳಕಲ್ಲಿ ಡೋಲು ಕುಣಿತ ನಿಜಕ್ಕೂ ದೊಡ್ಡ ದೃಶ್ಯ, ಆದ್ರೆ ಮಧ್ಯಾಹ್ನದಿಂದ ಫುಟ್‌ಪಾತಲ್ಲಿ ಕೂತು ಜಾಗ ಹಿಡೀಬೇಕು, ಮತ್ತೆ ಆನೆ ಕಾಲಿನ ಸರಪಳಿ ಕಣ್ಣಿಗೆ ಬೀಳುತ್ತೆ, ನಂಗೆ ಮತ್ತೆ ಹೋಗೋ ಮನಸ್ಸಿಲ್ಲ. ಟೀ ತೋಟ, ರೈಲು, ಸೇತುವೆ ಇವಕ್ಕೆ ಜನವರಿ ಫೆಬ್ರವರಿಯಲ್ಲಿ ಬೇರೆ ಟ್ರಿಪ್ ಹಾಕಿ, ಆಗ ಮಿರಿಸ್ಸನೂ ಸೇರಿಸ್ಕೊಳ್ಳಿ.

ಡ್ರೋನ್ ಇದ್ರೆ ಅಲ್ಲಿನ ನಾಗರಿಕ ವಿಮಾನಯಾನದವರ ಅನುಮತಿ ಬೇಕು, ನ್ಯಾಷನಲ್ ಪಾರ್ಕಲ್ಲಿ ಹಾರಿಸೋ ಹಾಗೇ ಇಲ್ಲ, ಮನೇಲೇ ಬಿಟ್ಟು ಹೋಗಿ. ಟ್ರೈಪಾಡ್ ಬದಲು ಲೆನ್ಸ್ ಊರೋಕೆ ಬೀನ್ ಬ್ಯಾಗಿನ ಖಾಲಿ ಚೀಲ ತಗೊಂಡ್ಹೋಗಿ ಅಲ್ಲೇ ಅಕ್ಕಿ ತುಂಬ್ಕೊಳ್ಳಿ, ವಾಪಸ್ ಬರುವಾಗ ಅಕ್ಕಿ ಗೆಸ್ಟ್‌ಹೌಸಿನವರಿಗೆ ಕೊಟ್ಬಿಡಿ. ಮಿನ್ನೇರಿಯ ಧೂಳಲ್ಲಿ ಜೀಪಿನ ಮೇಲೆ ಲೆನ್ಸ್ ಬದಲಾಯಿಸ್ಬೇಡಿ, ಎರಡನೇ ಬಾಡಿ ಯಾರಾದ್ರೂ ಸ್ನೇಹಿತರ ಹತ್ರ ಇದ್ರೆ ಕೇಳಿ ನೋಡಿ, ಇಲ್ಲಾಂದ್ರೆ ಒಂದು ಸಂಜೆ ಪೂರ್ತಿ 100-400, ಮಾರನೇ ಸಂಜೆ ಪೂರ್ತಿ 24-70 ಅಂತ ಹಂಚ್ಕೊಳ್ಳಿ. ಗೆಸ್ಟ್‌ಹೌಸ್ ಹಬರಣದಲ್ಲೇ ಮಾಡಿ, ಮಿನ್ನೇರಿಯ, ಕೌದುಲ್ಲ, ಸಿಗಿರಿಯ, ಪೊಲೊನ್ನರುವ ಎಲ್ಲಾ ಅಲ್ಲಿಂದ ಒಂದು ಗಂಟೆ ಆಚೀಚೆ. ನಿಮ್ಮ ಡೇಟ್ ಹೇಳಿದ್ರೆ ಹುಣ್ಣಿಮೆ ಯಾವ ದಿನ ಬೀಳುತ್ತೆ ನೋಡಿ, ಅನುರಾಧಪುರ ಮೊದಲು ಇಡ್ಬೇಕಾ ಟ್ರಿಂಕೋಮಲಿ ಮೊದಲು ಇಡ್ಬೇಕಾ ಅಂತ ಕಾಮೆಂಟಲ್ಲಿ ಹೇಳ್ತೀನಿ.